ಸಾಗರಕಟ್ಟೆಯಿಂದ ಇರ್ಪುವರೆಗೆ: ಲಕ್ಷ್ಮಣತೀರ್ಥದ ಬೆನ್ನು ಹತ್ತಿ

ಮೈಸೂರಿಂದ ಕೊಡಗಿಗೆ ಹೋಗೋರೆಲ್ಲ ಹುಣಸೂರಲ್ಲಿ ಒಂದು ಹೊಳೆ ದಾಟ್ತಾರೆ, ಆದ್ರೆ ಕಾರಿನ ಕಿಟಕಿಯಿಂದ ಕೆಳಗೆ ನೋಡೋರು ಕಮ್ಮಿ. ಅದೇ ಲಕ್ಷ್ಮಣತೀರ್ಥ. ಇರ್ಪು ಹತ್ರ ಬ್ರಹ್ಮಗಿರಿ ಬೆಟ್ಟದಲ್ಲಿ ಹುಟ್ಟಿ, ದಕ್ಷಿಣ ಕೊಡಗಿನ ಗದ್ದೆಗಳ ಮಧ್ಯೆ ಹಾದು, ನಾಗರಹೊಳೆ ಕಾಡಿನ ಮಗ್ಗುಲಲ್ಲಿ ಇಳ್ಕೊಂಡು ಬಂದು, ಹುಣಸೂರು ತಾಲೂಕೆಲ್ಲ ಸುತ್ತಿ ಕೊನೆಗೆ ಕೆಆರ್‌ಎಸ್ ಹಿನ್ನೀರಿಗೆ ಸೇರುತ್ತೆ, ಒಟ್ಟು ಉದ್ದ 131 ಕಿಲೋಮೀಟರ್. ದೊಡ್ಡ ನದಿ ಏನಲ್ಲ. ಶಾಲೇಲಿ ಕಾವೇರಿಯ ಉಪನದಿಗಳು ಅಂತ ಬಾಯಿಪಾಠ ಮಾಡಿಸುವಾಗ ಹಾರಂಗಿ, ಹೇಮಾವತಿ ಆದ್ಮೇಲೆ ಇದರ ಹೆಸರು ಹೇಳ್ಕೊಂಡು ಮುಂದೆ ಹೋಗ್ಬಿಡ್ತೀವಿ ಅಷ್ಟೆ. ಇದನ್ನ ಬುಡದಿಂದ ತುದಿವರೆಗೆ, ಅಂದ್ರೆ ಸೇರೋ ಜಾಗದಿಂದ ಹುಟ್ಟೋ ಜಾಗದವರೆಗೆ ಉಲ್ಟಾ ಹೋಗಿ ನೋಡೋಣ ಅಂತ ನನಗೆ ಬಹಳ ದಿನದಿಂದ ಇತ್ತು. ದಸರಾ ಮುಗಿದು ಊರು ಸ್ವಲ್ಪ ಖಾಲಿ ಆದ್ಮೇಲೆ ನಾನು, ಮಂಡ್ಯದಿಂದ ನಮ್ಮ ಭಾವ, ಅವರ ಮಗ, ಮೂರೂ ಜನ ಹೊರಟ್ವಿ. ಭಾವಂಗೆ ಕಬ್ಬಿನ ಗದ್ದೆ ಇದೆ, ಕೆಆರ್‌ಎಸ್‌ನಿಂದ ಹೊರಡೋ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು ನಂಬ್ಕೊಂಡಿರೋ ಜನ, ಅವರಿಗೆ ಯಾವ ನದಿ ತೋರಿಸಿದ್ರೂ ಒಂದೇ ಪ್ರಶ್ನೆ: "ಇದು ನಮ್ ನಾಲೆಗೆ ಬತ್ತದಾ?"

ದಿನ 1: ಸಾಗರಕಟ್ಟೆ, ಕಟ್ಟೆಮಳಲವಾಡಿ, ಹುಣಸೂರು

ಇಲವಾಲದಲ್ಲಿ ತಿಂಡಿ ಮುಗಿಸಿ ಬಲಕ್ಕೆ ಕೆ.ಆರ್. ನಗರದ ರಸ್ತೆ ಹಿಡಿದ್ವಿ. ಸಾಗರಕಟ್ಟೆ ಹತ್ರ ಬರ್ತಿದ್ದಂಗೆ ಎರಡೂ ಕಡೆ ನೀರು ಬಿಚ್ಕೊಳ್ಳುತ್ತೆ, ಪಕ್ಕದಲ್ಲಿ ಮೈಸೂರು ಹಾಸನ ರೈಲಿನ ಸೇತುವೆ, ದಡದಲ್ಲಿ ಬಲೆ ಒಣಗಿಸೋರು, ಭಾನುವಾರವಾದ್ರೆ ಮೈಸೂರಿನ ಅರ್ಧ ಕಾಲೇಜು ಹುಡುಗರು ಆನಂದೂರು ಮೀನಾಕ್ಷಿಪುರದ ಕಡೆ ಫೋಟೋ ತೆಗೀತಾ ಇರ್ತಾರೆ. ಈ ನೀರನ್ನ ಎಲ್ಲರೂ ಕಾವೇರಿ ಹಿನ್ನೀರು ಅಂತಾರೆ. ಆದ್ರೆ ಸಾಗರಕಟ್ಟೆ ಕಡೆ ಚಾಚ್ಕೊಂಡಿರೋ ಈ ತೋಳು ಲಕ್ಷ್ಮಣತೀರ್ಥ ಬಂದು ಸೇರೋ ಕಣಿವೆ. ಕನ್ನಂಬಾಡಿ ಕಟ್ಟೆ, ಅಂದ್ರೆ ಕೆಆರ್‌ಎಸ್, ಕೆಲಸ 1911ರಲ್ಲಿ ಶುರುವಾದಾಗ ಆ ಜಾಗವನ್ನೇ ಆರಿಸಿದ್ದಕ್ಕೆ ಒಂದು ಕಾರಣ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ನೀರು ಅದರ ಹಿಂದೆ ಬಂದು ನಿಲ್ಲುತ್ತೆ ಅನ್ನೋದು. ಕಟ್ಟೆ ತುಂಬಿ 124.80 ಅಡಿ ಆದಾಗ ಸಂಗಮ ಅನ್ನೋದೇ ಕಣ್ಣಿಗೆ ಬೀಳಲ್ಲ, ನದಿ ಎಲ್ಲಿ ಮುಗೀತು ಕೆರೆ ಎಲ್ಲಿ ಶುರುವಾಯ್ತು ಅಂತ ಗೆರೆ ಎಳೆಯೋಕೆ ಆಗಲ್ಲ, ಮಳೆ ಕೈಕೊಟ್ಟ ವರ್ಷ ನೀರು ಕೆಳಗೆ ಹೋದಾಗ ಮಾತ್ರ ಹಳೇ ಹೊಳೆಯ ಪಾತ್ರ ಕೆಸರಲ್ಲಿ ಎದ್ದು ಕಾಣುತ್ತೆ. ಅಂದ್ರೆ ಈ ನದಿ ಕಾವೇರಿ ಸೇರೋ ಜಾಗ ನೋಡ್ಬೇಕು ಅಂದ್ರೆ ಬರ ಬರ್ಬೇಕು. ಇದನ್ನ ಹೇಳಿದ್ದಕ್ಕೆ ಭಾವ "ಹಂಗಾದ್ರೆ ಯಾರೂ ನೋಡದು ಬ್ಯಾಡ ಬುಡು" ಅಂದ್ರು.

ಅಲ್ಲೇ ಮೀನು ಮಾರ್ತಿದ್ದ ಒಬ್ಬ ಯಜಮಾನರನ್ನ ಇದು ಕಾವೇರಿನಾ ಲಕ್ಷ್ಮಣತೀರ್ಥನಾ ಅಂತ ಕೇಳಿದ್ರೆ ಅವರು ನನ್ನ ಮುಖ ನೋಡಿ, "ಹಿನ್ನೀರು ಸಾ ಇದು" ಅಂದ್ರು. ಅವರ ಲೆಕ್ಕಾನೇ ಸರಿ, ಮೀನಿಗೆ ಎರಡು ನದಿ ಗೊತ್ತಿಲ್ಲ.

ಅಲ್ಲಿಂದ ವಾಪಸ್ಸು ಹೈವೇಗೆ ಬಂದು ಬಿಳಿಕೆರೆ ದಾಟಿ ಕಟ್ಟೆಮಳಲವಾಡಿಗೆ ಹೋದ್ವಿ. ಇಲ್ಲಿ ಹೊಳೆಗೆ ಅಡ್ಡಲಾಗಿ ಹಳೇ ಅಣೆಕಟ್ಟೆ ಇದೆ, ಕಲ್ಲಿನ ಅಣೆ ಮೇಲೆ ಇಡೀ ಅಗಲಕ್ಕೆ ನೀರು ಜಾರ್ತಾ ಇತ್ತು, ಅಕ್ಟೋಬರ್ ಆದ್ರಿಂದ ಬಣ್ಣ ಇನ್ನೂ ಕೆಂಪಗೇ ಇತ್ತು. ಊರಿನ ಹೆಸರೇ ಪೂರ್ತಿ ಕತೆ ಹೇಳೋ ಹಂಗಿದೆ, ಮೊದಲು ಕಟ್ಟೆ, ಆಮೇಲೆ ಮಳಲು ಅಂದ್ರೆ ಮರಳು. ಹೊಳೆ ಪಕ್ಕದಲ್ಲಿ ಇರೋ ಊರಿಗೆ ಇದಕ್ಕಿಂತ ನೇರವಾದ ಹೆಸರು ಎಲ್ಲಿ ಸಿಗುತ್ತೆ ಅಂತ ನನಗನ್ಸಿತು, ಬೇರೆ ಅರ್ಥ ಹೇಳೋರೂ ಇರಬಹುದು. ಈ ಕಡೆಯವರಿಗೆ ಈ ಊರು ಗೊತ್ತಿರೋದು ಮಾತ್ರ ಹೊಗೆಸೊಪ್ಪಿನ ಹರಾಜು ಮಾರ್ಕೆಟ್ಟಿಂದ. ಹುಣಸೂರು, ಪಿರಿಯಾಪಟ್ಟಣ ಸೀಮೆ ಅಂದ್ರೆ ಹೊಗೆಸೊಪ್ಪು, ರಸ್ತೆ ಉದ್ದಕ್ಕೂ ಎತ್ತರದ ಗೋಡೆಯ ಬ್ಯಾರನ್‌ಗಳು, ಸೊಪ್ಪು ಬೇಯಿಸೋಕೆ ಸೌದೆ ರಾಶಿ. ಆ ಸೌದೆಗೆ ಒಂದು ಕಾಲದಲ್ಲಿ ಕಾಡೇ ಗತಿ ಆಗಿತ್ತು, ನದಿ ಬಗ್ಗೆ ಮಾತಾಡೋವಾಗ ಇದನ್ನ ಬಿಟ್ಟು ಮಾತಾಡೋಕಾಗಲ್ಲ.

ಹುಣಸೂರು ಪೇಟೆ ಹತ್ರ ಹೊಳೆ ನೋಡಿ ಮನಸ್ಸಿಗೆ ಖುಷಿ ಆಗಲಿಲ್ಲ. ಊರಿನ ಚರಂಡಿ ನೀರು ಸೀದಾ ಬಂದು ಬೀಳುತ್ತೆ, ಅಂತರಗಂಗೆ ಹಬ್ಬಿ ಹಸಿರು ಚಾಪೆ ಹಾಸಿದಂಗಿದೆ, ದಡದಲ್ಲಿ ಪ್ಲಾಸ್ಟಿಕ್ಕು. ತೀರ್ಥ ಅಂತ ಹೆಸರಿಟ್ಕೊಂಡಿರೋ ನೀರು, ಇಲ್ಲಿ ಕೈ ಅದ್ದೋಕೂ ಯೋಚನೆ ಮಾಡ್ಬೇಕು. ದೇವರಾಜ ಅರಸು ಅವರ ಕಲ್ಲಹಳ್ಳಿ ಇದೇ ತಾಲೂಕು, ಸಂಜೆ ಅತ್ತ ಹೋಗೋ ಪ್ಲ್ಯಾನ್ ಇತ್ತು, ಮಳೆ ಹಿಡ್ಕೊಂಡು ಆಗಲಿಲ್ಲ. ನೆಂಟರ ಮನೇಲಿ ಮುದ್ದೆ, ಬಸ್ಸಾರು ಉಂಡು ಮಲಗಿದ್ವಿ.

ದಿನ 2: ಹನಗೋಡು, ವೀರನಹೊಸಹಳ್ಳಿ, ಕಾಡೊಳಗಿನ ದಾರಿ, ಕುಟ್ಟ

ಬೆಳಿಗ್ಗೆ ಬೇಗ ಎದ್ದು ಹನಗೋಡಿಗೆ ಒಂದು ಸುತ್ತು ಹಾಕ್ಕೊಂಡು ಹೋದ್ವಿ. ಇಲ್ಲೂ ಅಣೆಕಟ್ಟೆ, ಇಲ್ಲಿಂದ ನಾಲೆ ಎಳೆದು ತಾಲೂಕಿನ ಕೆರೆಗಳಿಗೆ, ಗದ್ದೆಗಳಿಗೆ ನೀರು ಕೊಡ್ತಾರೆ. ಹುಣಸೂರಲ್ಲಿ ನೋಡಿದ ಹೊಳೆನೇ ಇದು ಅಂತ ನಂಬೋಕಾಗಲ್ಲ, ಅಷ್ಟು ಚೊಕ್ಕ. ಅಣೆ ಪಕ್ಕ ಬಟ್ಟೆ ಒಗೀತಿದ್ದ ಅಜ್ಜಿ ಒಬ್ಬರನ್ನ ನಮ್ಮ ಹುಡುಗ "ಅಜ್ಜಿ, ಈ ನದಿ ಹೆಸರೇನು" ಅಂತ ಕೇಳ್ದ. "ಹೊಳೆ ಕಣ್ ಮಗ" ಅಂದ್ರು. ಹೊಳೆಗೆ ಹೆಸ್ರಿಲ್ವಾ ಅಂದ್ರೆ, "ಅದ್ಕೆ ಯಾಕೆ ಹೆಸ್ರು, ಇರದು ಒಂದೇ ಅಲ್ವಾ." ಹುಡುಗ ನಕ್ಕ, ನಾನು ನಗಲಿಲ್ಲ, ಯಾಕಂದ್ರೆ ಮುಂದೆ ಎಲ್ಲಾ ಕಡೆ ಹಿಂಗೇ ಆಯ್ತು. ದಡದಲ್ಲಿರೋರಿಗೆ ಅದು ಹೊಳೆ, ದೂರದಿಂದ ಬರೋರಿಗೆ ಮಾತ್ರ ಲಕ್ಷ್ಮಣತೀರ್ಥ. ಎರಡು ಹೊಳೆ ಇರೋ ಕಡೆ ಮಾತ್ರ ಹೆಸರಿನ ಅವಶ್ಯಕತೆ ಬರೋದು.

ಹಂಗೆ ಹೆಸರು ಬೇಕಾಗೋ ಜಾಗಾನೇ ಕಾಡು. ವೀರನಹೊಸಹಳ್ಳಿ ಗೇಟಿಗೆ ಬಂದ್ವಿ. ಮೈಸೂರಿನವರಿಗೆ ಈ ಊರು ಗಜಪಯಣದಿಂದ ಗೊತ್ತು, ದಸರಾ ಆನೆಗಳಿಗೆ ಪೂಜೆ ಮಾಡಿ ಮೈಸೂರಿಗೆ ಕಳಿಸೋದು ಇಲ್ಲಿಂದಲೇ. ಪಕ್ಕದಲ್ಲಿ ನಾಗಾಪುರ, ಕಾಡೊಳಗಿನ ಹಾಡಿಗಳಿಂದ ಬಂದ ಜೇನುಕುರುಬ ಕುಟುಂಬಗಳಿಗೆ ಮಾಡಿಕೊಟ್ಟಿರೋ ಪುನರ್ವಸತಿ ಊರು. ಚೆಕ್‌ಪೋಸ್ಟಲ್ಲಿ ಗಾಡಿ ನಂಬರ್ ಬರ್ಕೊಂಡು ಟೈಮ್ ಹಾಕಿ ಚೀಟಿ ಕೊಡ್ತಾರೆ, ದಾರೀಲಿ ನಿಲ್ಲಿಸಂಗಿಲ್ಲ, ಇಳಿಯಂಗಿಲ್ಲ, ರಾತ್ರಿ ಬಿಡಲ್ಲ. ಸರಿಯಾದ ನಿಯಮ. ನಮ್ಮ ಮುಂದೆ ಇದ್ದ ಕಾರಿನವರು ಜೋರಾಗಿ ಹಾಡು ಹಾಕ್ಕೊಂಡು ಹೋಗ್ತಿದ್ರು, ಅವರಿಗೆ ಕೋತಿನೂ ಕಂಡಿರಲಿಕ್ಕಿಲ್ಲ.

ಕಾಡಿನ ಮೊದಲ ಭಾಗ ಬಹಳ ತೇಗ. ಬ್ರಿಟಿಷರ ಕಾಲದಿಂದ ನೆಟ್ಟಿರೋ ಸಾಲುಗಳು, ನೋಡೋಕೆ ಕಾಡು ಅನ್ಸಿದ್ರೂ ಅದು ತೋಟವೇ, ಕೆಳಗೆ ಲಂಟಾನ ಹಬ್ಬಿದೆ. ಒಳಗೆ ಹೋಗ್ತಾ ಮತ್ತಿ, ನಂದಿ, ಹೊನ್ನೆ, ಬೀಟೆ ಬರುತ್ತೆ. ಮಧ್ಯೆ ಮಧ್ಯೆ ಮರ ಇಲ್ಲದ ಹಸಿರು ಬಯಲು, ಅದಕ್ಕೆ ಹಡ್ಲು ಅಂತಾರೆ, ತಗ್ಗಲ್ಲಿ ನೀರು ನಿಂತು ಜೌಗಾಗಿರೋ ಜಾಗ, ಹುಲ್ಲು ಚೆನ್ನಾಗಿರೋದ್ರಿಂದ ಜಿಂಕೆ, ಕಾಟಿ, ಆನೆ ಎಲ್ಲ ಅಲ್ಲೇ. ನಮಗೆ ಒಂದು ಹಡ್ಲಲ್ಲಿ ಕಾಟಿ ಹಿಂಡು ಸಿಕ್ತು. ಇನ್ನೊಂದು ಕಡೆ ಆನೆ ಲದ್ದಿ ಮಾತ್ರ. ಸಣ್ಣ ಸಣ್ಣ ಹಳ್ಳಗಳು ಈ ಹಡ್ಲುಗಳಿಂದಲೇ ಜಿನುಗೋಕೆ ಶುರು ಮಾಡೋದು.

ಈ ದಾರೀಲಿ ನನಗೆ ಮುಖ್ಯ ಅನ್ಸಿದ್ದು ಯಾವ ಬೋರ್ಡಲ್ಲೂ ಇಲ್ಲ. ಹುಣಸೂರು ಕಡೆಯಿಂದ ಹೊರಟಾಗ ನೀವು ದಾಟೋ ಹಳ್ಳಗಳ ನೀರು ಲಕ್ಷ್ಮಣತೀರ್ಥಕ್ಕೆ ಹೋಗುತ್ತೆ, ಅಲ್ಲಿಂದ ಕೆಆರ್‌ಎಸ್‌ಗೆ. ಕಾಡೊಳಗೆ ಎಲ್ಲೋ ಒಂದು ಕಡೆ, ಏರು ಅಂತಾನೂ ಅನ್ಸದಷ್ಟು ಸಣ್ಣ ಏರಲ್ಲಿ ನೀರಿನ ದಿಕ್ಕು ಬದಲಾಗುತ್ತೆ, ಅದಾದ್ಮೇಲೆ ಬರೋ ಹಳ್ಳಗಳೆಲ್ಲ ದಕ್ಷಿಣಕ್ಕೆ, ಪೂರ್ವಕ್ಕೆ ಇಳಿದು ಕಬಿನಿಗೆ ಹೋಗುತ್ತೆ. ಕಾಡಿಗೆ ಹೆಸರು ಕೊಟ್ಟ ನಾಗರಹೊಳೆ ಅನ್ನೋ ಹೊಳೆನೂ ಕಬಿನಿ ಕಡೆಯದ್ದೇ. ಒಂದೇ ಮೋಡದ ಮಳೆ, ಅರ್ಧ ಕನ್ನಂಬಾಡಿ ಕಟ್ಟೆಗೆ, ಅರ್ಧ ಬೀಚನಹಳ್ಳಿ ಹತ್ರ 1974ರಲ್ಲಿ ಮುಗಿದ ಕಬಿನಿ ಡ್ಯಾಮಿಗೆ. ಆಮೇಲೆ ಎರಡೂ ನೀರು ಮತ್ತೆ ಒಂದಾಗೋದು ಟಿ. ನರಸೀಪುರದ ತಿರುಮಕೂಡಲಲ್ಲಿ, ಅಷ್ಟರಲ್ಲಿ ಒಂದು ಶ್ರೀರಂಗಪಟ್ಟಣ ನೋಡಿರುತ್ತೆ, ಇನ್ನೊಂದು ನಂಜನಗೂಡು ನೋಡಿರುತ್ತೆ.

ಇದನ್ನ ಕಾರಲ್ಲಿ ವಿವರಿಸಿದ್ದೇ ತಡ ಭಾವ ಎದ್ದು ಕೂತ್ರು. "ಅಂದ್ರೆ ಈಗ ದಾಟಿದ್ ಹಳ್ಳ ನಮ್ದಲ್ಲ?" ಅಲ್ಲ ಭಾವ, ಇದು ಕಬಿನಿದು ಅಂದೆ. "ಥೂ, ಮೊದ್ಲೇ ಹೇಳದಲ್ವಾ, ಸುಮ್ನೆ ಖುಷಿಯಾಗಿ ನೋಡ್ತಾ ಇದ್ದೆ." ಮೈಸೂರಿನ ಕೆಲವು ಏರಿಯಾಗೆ ನಲ್ಲೀಲಿ ಕಾವೇರಿ ನೀರು ಬರುತ್ತೆ, ಕೆಲವು ಕಡೆಗೆ ಬಿದರಗೂಡಿನಿಂದ ಕಬಿನಿ ನೀರು, ನಮ್ಮನೆಗೆ ಬರೋದು ಕಬಿನಿ. ಹಂಗಾಗಿ ಇದು ನನ್ನ ಹಳ್ಳ, ಹಿಂದೆ ಹೋಗಿದ್ದು ನಿಮ್ಮದು ಅಂತ ಹೇಳ್ದೆ. ಅಲ್ಲಿಂದ ಕುಟ್ಟದವರೆಗೂ ಹುಡುಗ ಪ್ರತಿ ಮೋರಿಗೂ "ಇದು ಮಾಮಂದು, ಇದು ಅಪ್ಪಂದು" ಅಂತ ಪಾಲು ಮಾಡ್ತಾ ಬಂದ.

ನಾಗರಹೊಳೆ ಹೆಸರಿಗೆ ಎಲ್ಲರೂ ಹೇಳೋದು ಒಂದೇ, ಹೊಳೆ ಹಾವಿನ ಥರ ಅಂಕುಡೊಂಕಾಗಿ ಹರಿಯುತ್ತೆ, ಅದಕ್ಕೆ ನಾಗರ. ಇರಬಹುದು. ಆದ್ರೆ ಈ ಥರ ಇಳಿಜಾರು ಕಮ್ಮಿ ಇರೋ ಕಾಡಲ್ಲಿ ಯಾವ ಹಳ್ಳ ನೆಟ್ಟಗೆ ಹರಿಯುತ್ತೆ ಹೇಳಿ? ಆ ಲೆಕ್ಕದಲ್ಲಿ ಎಲ್ಲವೂ ನಾಗರಹೊಳೆನೇ. ಇಷ್ಟಂತೂ ಹೌದು, ಇಷ್ಟು ಚಿಕ್ಕ ಹೊಳೆಯ ಹೆಸರು 643 ಚದರ ಕಿಲೋಮೀಟರ್ ಕಾಡಿಗೆ ಅಂಟ್ಕೊಂಡಿದೆ, 1955ರಲ್ಲಿ ಅಭಯಾರಣ್ಯ ಆದಾಗಲೂ ಅದೇ, 1988ರಲ್ಲಿ ರಾಷ್ಟ್ರೀಯ ಉದ್ಯಾನ ಆದ್ಮೇಲೂ ಅದೇ, ಆಮೇಲೆ ರಾಜೀವ್ ಗಾಂಧಿ ಹೆಸರಿಟ್ರು, ಬೋರ್ಡಲ್ಲಿ ಬಂತು, ಜನದ ಬಾಯಿಗೆ ಬರಲಿಲ್ಲ. ಈಗಲೂ ಬಸ್ ಹತ್ತಿ ನಾಗರಹೊಳೆ ಅಂತಲೇ ಟಿಕೆಟ್ ಕೇಳೋದು.

ಕಾಡಿನ ವಲಯಗಳ ಹೆಸರು ನೋಡಿ: ಕಲ್ಲಹಳ್ಳ, ಆನೆಚೌಕೂರು, ಮೇಟಿಕುಪ್ಪೆ, ಅಂತರಸಂತೆ. ಕಲ್ಲಿರೋ ಹಳ್ಳ ಕಲ್ಲಹಳ್ಳ, ಕಣ್ಣಿಗೆ ಕಂಡಿದ್ದನ್ನ ಕೂಗಿದ ಹೆಸರು. ಕಾಡಲ್ಲಿ ಇರೋವರೆಗೆ ನೀರಿಗೆ ಹಿಂಗೆ ಹೆಸರು. ಅದೇ ನೀರು ದೇವಸ್ಥಾನದ ಸೋಪಾನಕಟ್ಟೆ ಹತ್ರ ಬಂದ ಕೂಡ್ಲೇ ಪುರಾಣದ ಹೆಸರು ಬಂದ್ಬಿಡುತ್ತೆ. ಎಚ್.ಡಿ. ಕೋಟೆ ಕಡೆ ಕಬಿನಿ ಅನ್ನಿಸ್ಕೊಳ್ಳೋದು ನಂಜನಗೂಡಲ್ಲಿ ಕಪಿಲೆ ಆಗೋದು ಹಿಂಗೇ. ಹಂಗಿದ್ರೆ ಲಕ್ಷ್ಮಣತೀರ್ಥಕ್ಕೆ ಯಾಕೆ ಹುಟ್ಟುವಾಗಲೇ ಪುರಾಣದ ಹೆಸರು ಅನ್ನೋದು ನನ್ನ ತಲೇಲಿ ಓಡ್ತಾ ಇತ್ತು, ಉತ್ತರ ನಾಳೆ ಇರ್ಪಲ್ಲಿ ಸಿಗಬೇಕಿತ್ತು.

ನಾಣಚ್ಚಿ ಗೇಟು ದಾಟಿದ್ರೆ ಕಾಡು ಮುಗಿದು ಕಾಫಿ ತೋಟ. ಕುಟ್ಟ ಚಿಕ್ಕ ಊರು, ಅರ್ಧ ಬೋರ್ಡು ಮಲಯಾಳದಲ್ಲಿ, ಸ್ವಲ್ಪ ದೂರ ಹೋದ್ರೆ ತೋಲ್ಪೆಟ್ಟಿ, ವಯನಾಡು. ಹೋಮ್‌ಸ್ಟೇಲಿ ರಾತ್ರಿ ಕಡಂಬುಟ್ಟು, ಕೋಳಿ ಸಾರು. ಭಾವ ಪಂದಿ ಕರಿ ಮುಟ್ಟಲಿಲ್ಲ, ಹುಡುಗ ಬಿಡಲಿಲ್ಲ.

ದಿನ 3: ಇರ್ಪು, ಗೋಣಿಕೊಪ್ಪ, ವಾಪಸ್ಸು

ಕುಟ್ಟದಿಂದ ಶ್ರೀಮಂಗಲ ಕಡೆ ಬರುವಾಗ ಎಡಕ್ಕೆ ಇರ್ಪು ದಾರಿ. ಗದ್ದೆ ಬಯಲು, ಅದರ ಹಿಂದೆ ಸೀದಾ ಎದ್ದಿರೋ ಬ್ರಹ್ಮಗಿರಿ, ಮೋಡ ಇನ್ನೂ ಅರ್ಧಕ್ಕೆ ನಿಂತಿತ್ತು. ಕೆಳಗೆ ರಾಮೇಶ್ವರ ದೇವಸ್ಥಾನ, ಪಕ್ಕದಲ್ಲೇ ಹೊಳೆ. ಕತೆ ಇದು: ಸೀತೆಯನ್ನ ಹುಡುಕ್ತಾ ರಾಮ ಲಕ್ಷ್ಮಣ ಈ ಬೆಟ್ಟದ ದಾರೀಲಿ ಬಂದ್ರು, ರಾಮನಿಗೆ ಬಾಯಾರಿಕೆ ಆಯ್ತು, ನೀರು ತಾ ಅಂದ, ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟ, ನೀರು ಚಿಮ್ಮಿತು. ಅದಕ್ಕೇ ಶಿವರಾತ್ರಿಗೆ ಇಲ್ಲಿ ಸ್ನಾನಕ್ಕೆ ಜನ ತುಂಬಿರ್ತಾರೆ. ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇತ್ತು ಅನ್ಸುತ್ತೆ. ಬೇರೆ ಹೊಳೆಗಳಿಗೆ ದೇವಸ್ಥಾನ ಸಿಗೋದು ಕೆಳಗೆ ಬಯಲಿಗೆ ಬಂದ್ಮೇಲೆ, ಇದಕ್ಕೆ ಬೆಟ್ಟದ ಬುಡದಲ್ಲೇ, ಹುಟ್ಟಿದ ತಕ್ಷಣ ಸಿಕ್ಕಿದೆ. ಮಿಂದು ಪುಣ್ಯ ಮಾಡ್ಕೊಳ್ಳೋ ಜಾಗಕ್ಕೆ ತೀರ್ಥ ಅಂದ್ರು, ಆ ಜಾಗದ ಹೆಸರೇ ನೀರಿನ ಜೊತೆ ಹರ್ಕೊಂಡು ಸಾಗರಕಟ್ಟೆವರೆಗೂ ಬಂತು. ಇದರ ಒಂದು ಉಪನದಿ ಹೆಸರು ರಾಮತೀರ್ಥ, ಅಣ್ಣ ಬಂದು ತಮ್ಮನಿಗೆ ಸೇರೋದು, ರಾಮಾಯಣದಲ್ಲಿ ಇಲ್ಲದ್ದು ಇಲ್ಲಿ ಆಗಿದೆ.

ಟಿಕೆಟ್ ತಗೊಂಡು ಮೇಲೆ ಹತ್ತಿದ್ವಿ. ಮೆಟ್ಟಿಲು ದಾರಿ, ಕಷ್ಟ ಏನಿಲ್ಲ, ಆದ್ರೆ ಮಳೆಗಾಲ ಮುಗಿದಿದ್ರೂ ಜಿಗಣೆ ಬಿಡಲಿಲ್ಲ, ಉಪ್ಪು ಕಟ್ಕೊಂಡು ಹೋಗಿ. ಜಲಪಾತ ಸುಮಾರು 170 ಅಡಿ, ಒಂದೇ ಸಲ ಬೀಳಲ್ಲ, ಬಂಡೆ ಮೇಲೆ ಹಂತ ಹಂತವಾಗಿ ಒಡ್ಕೊಂಡು ಇಳಿಯುತ್ತೆ, ಹತ್ತಿರ ಹೋದ್ರೆ ಹನಿ ಮುಖಕ್ಕೆ ಹೊಡೆಯುತ್ತೆ, ಮಾತಾಡಿದ್ರೆ ಕೇಳಲ್ಲ. ಬಂಡೆ ಮೇಲೆ ಹತ್ತಿ ಸೆಲ್ಫಿ ತೆಗಿಯೋರನ್ನ ಗಾರ್ಡು ಬೈತಾನೇ ಇದ್ರು. ಇಲ್ಲಿಂದ ಮೇಲಕ್ಕೆ ಬ್ರಹ್ಮಗಿರಿ ಟ್ರೆಕ್ಕಿಂಗ್ ದಾರಿ, 1608 ಮೀಟರ್ ಎತ್ತರ, ಅರಣ್ಯ ಇಲಾಖೆ ಪರ್ಮಿಷನ್ ಇಲ್ಲದೆ ಹೋಗೋಕಾಗಲ್ಲ, ನಾವು ಹೋಗಲಿಲ್ಲ.

ಆ ಬೆಟ್ಟದ ಸಾಲಿನ ಮೇಲೆ ನಿಂತ್ಕೊಂಡ್ರೆ ನೀರು ಮೂರು ಕಡೆ ಹೋಗುತ್ತೆ ಅನ್ನೋದು ಗೊತ್ತಿದ್ರೆ ಕೆಳಗೆ ನಿಂತು ನೋಡೋ ರೀತಿನೇ ಬೇರೆ ಆಗುತ್ತೆ. ಇತ್ತ ಇರ್ಪು ಕಡೆ ಬಿದ್ದಿದ್ದು ಲಕ್ಷ್ಮಣತೀರ್ಥ. ಅತ್ತ ತಿರುನೆಲ್ಲಿ ಕಡೆ ಬಿದ್ದಿದ್ದು ಕಾಳಿಂದಿ, ಅದು ವಯನಾಡಲ್ಲಿ ಕಬಿನಿ ಸೇರಿ ಮತ್ತೆ ನಮ್ಮ ಎಚ್.ಡಿ. ಕೋಟೆಗೇ ಬರುತ್ತೆ. ಪಶ್ಚಿಮಕ್ಕೆ ಬಿದ್ದಿದ್ದು ಬರಪೊಳೆ, ಅದು ಕೇರಳಕ್ಕೆ ಇಳಿದು ಅರಬ್ಬಿ ಸಮುದ್ರಕ್ಕೆ ಹೋಗ್ಬಿಡುತ್ತೆ. ಹೊಳೆಗೆ ಕೊಡವರು ಪೊಳೆ ಅಂತಾರೆ, ಹಳಗನ್ನಡದಲ್ಲಿ ನಾವೂ ಹಂಗೇ ಅಂತಿದ್ವಿ, ನಾವು ಬಿಟ್ವಿ ಅವರು ಬಿಡಲಿಲ್ಲ. ಬರಪೊಳೆ ವಿಷ್ಯ ಹೇಳಿದಾಗ ಭಾವ ಸೀರಿಯಸ್ಸಾಗಿ, "ಅಷ್ಟು ನೀರು ಸುಮ್ನೆ ಸಮುದ್ರುಕ್ಕಾ?" ಅಂದ್ರು. ಸುಮ್ನೆ ಅಲ್ಲ, ಆ ಕಡೆನೂ ಕಾಡಿದೆ, ಗದ್ದೆ ಇದೆ, ಕುಡಿಯೋ ಜನ ಇದ್ದಾರೆ ಅಂದೆ. ಒಪ್ಪಿಕೊಂಡಂಗೆ ಕಾಣಲಿಲ್ಲ.

ವಾಪಸ್ಸು ಬರುವಾಗ ಕಾನೂರು, ಬಾಳೆಲೆ, ನಿಟ್ಟೂರು ಕಡೆ ಒಂದು ಸುತ್ತು ಹಾಕಿದ್ವಿ. ಇರ್ಪಲ್ಲಿ ಅಷ್ಟು ಅಬ್ಬರ ಮಾಡಿದ ನೀರು ಇಲ್ಲಿ ಗದ್ದೆ ಬಯಲಿಗೆ ಬಂದು ಮೆತ್ತಗಾಗಿದೆ, ದಡಕ್ಕೂ ನೀರಿಗೂ ಎತ್ತರದ ವ್ಯತ್ಯಾಸ ಕಮ್ಮಿ. ಅದಕ್ಕೇ ಜುಲೈ ಆಗಸ್ಟಲ್ಲಿ ಮಳೆ ಜೋರಾದ್ರೆ ಬಾಳೆಲೆ ನಿಟ್ಟೂರು ರಸ್ತೆ ಮೇಲೆ ನೀರು ಅಂತ ಪೇಪರಲ್ಲಿ ಬರೋದು. ಬ್ರಹ್ಮಗಿರಿಲಿ ಸುರಿದಿದ್ದು ಬೆಟ್ಟ ಇಳಿದು ಬೇಗ ಬಂದ್ಬಿಡುತ್ತೆ, ಇಲ್ಲಿ ಇಳಿಜಾರು ಇಲ್ಲದೆ ಮುಂದಕ್ಕೆ ಹೋಗೋಕೆ ಟೈಮ್ ಬೇಕು, ಮಧ್ಯೆ ಗದ್ದೆ ಮುಳುಗುತ್ತೆ. ಗೋಣಿಕೊಪ್ಪದ ಕೀರೆಹೊಳೆದೂ ಮಳೆಗಾಲದಲ್ಲಿ ಇದೇ ಹಾಡು. ಊಟ ಅಲ್ಲೇ ಮಾಡಿ ತಿತಿಮತಿ ರಸ್ತೆ ಹಿಡಿದ್ವಿ. ಮತ್ತಿಗೋಡು ಆನೆ ಕ್ಯಾಂಪು ದಾರೀಲೇ ಸಿಗುತ್ತೆ, ದಸರಾ ಅಂಬಾರಿ ಹೊತ್ತ ಅಭಿಮನ್ಯು ಇಲ್ಲಿಯವನು, ಹುಡುಗನಿಗೆ ನೋಡ್ಲೇಬೇಕು ಅಂತಿತ್ತು, ಟೈಮ್ ಮುಗಿದಿತ್ತು, ಮುಖ ಊದಿಸ್ಕೊಂಡ.

ಆನೆಚೌಕೂರು ದಾಟಿ ಪಂಚವಳ್ಳೀಲಿ ಟೀ ಕುಡಿಯೋಕೆ ನಿಲ್ಲಿಸಿದಾಗ ಭಾವ ಊರಿಗೆ ಫೋನ್ ಹಚ್ಚಿದ್ರು. "ನಾಲೆ ನಿಲ್ಸುದ್ರಾ? ಕಟ್ಟು ನೀರು ಮಾಡವ್ರಾ?" ಕಟ್ಟು ನೀರು ಅಂದ್ರೆ ನಾಲೇಲಿ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸೋದು. ಆ ಕಡೆಯಿಂದ ಏನೋ ಹೇಳಿದ್ರು. ಇನ್ನೂ ಬತ್ತಾ ಅದಂತೆ ಅಂತ ನನಗೆ ಹೇಳಿ ಫೋನ್ ಜೇಬಿಗೆ ಹಾಕ್ಕೊಂಡು, ಇರ್ಪಲ್ಲಿ ಇವತ್ತು ಬೆಳಿಗ್ಗೆ ಬಿದ್ದ ನೀರು ಅವರ ಗದ್ದೆಗೆ ಬರೋಕೆ ಎಷ್ಟು ದಿನ ಬೇಕು ಅಂತ ಕೇಳಿದ್ರು. ಹನಗೋಡಲ್ಲಿ ಅಣೆ, ಕಟ್ಟೆಮಳಲವಾಡೀಲಿ ಅಣೆ, ಆಮೇಲೆ ಡ್ಯಾಮು, ಡ್ಯಾಮಲ್ಲಿ ಎಷ್ಟು ದಿನ ನಿಲ್ಲುತ್ತೋ ಅದು ಗೇಟು ಎತ್ತೋರ ಕೈಲಿದೆ, ಆಮೇಲೆ ಹುಲಿಕೆರೆ ಸುರಂಗ, ಆಮೇಲೆ ನಿಮ್ಮ ತೂಬು ಅಂದೆ. "ಅಷ್ಟರಲ್ಲಿ ಕಬ್ಬು ಕಡ್ದಿರ್ತೀವಿ" ಅಂತ ಹೇಳಿ ಇನ್ನೊಂದು ಟೀ ಹೇಳಿದ್ರು.